ಮರ್ವಿನ್ ತಿಂದ ಟೋಪಿ

ಬುರುಡೆ ಅಂತೀಯಲ್ಲ, ನಿನ್ನ ಹತ್ರ ಬುರುಡೆ ಬಿಟ್ಟು ನಂಗೇನಯ್ಯ ಸಿಗ್ಬೇಕು? ಟೋಪಿ ಅಂದ್ರೆ ಟೋಪೀನೇ. ಉಣ್ಣೆ ಟೋಪಿ, ಹಣೆ ಮೇಲೆ ಒಂದು ಚೂರು ಚಾಚಿರುತ್ತಲ್ಲ, ಅದು. ಅದನ್ನ ತಟ್ಟೇಲಿ ಇಟ್ಕೊಂಡು, ಕೈಯಲ್ಲಿ ಚಾಕು ಹಿಡ್ಕೊಂಡು, ಅಲ್ಲಿಯೋರ ಹಳದಿ ಸಾಸಿವೆ ಗೊಜ್ಜು ಹಚ್ಕೊಂಡು ತಿಂದ. ನೀನು ನಗು, ನಗು. ನಮ್ಮ ಕಡೆ ಜನ ಟೋಪಿ ಹಾಕ್ತಾರೆ, ಆ ಇಂಗ್ಲಿಷ್ ಜನ ನನ್ನ ಮಾತು ಸುಳ್ಳಾದ್ರೆ ಟೋಪಿ ತಿಂತೀನಿ ಅಂತ ಆಣೆ ಮಾಡ್ತಾರೆ. ಅರ್ಧ ಮೀಸೆ ಬೋಳಿಸ್ಕೋತೀನಿ ಅಂತ ನಮ್ಮೋರು ಅಬ್ಬರಿಸ್ತಾರಲ್ಲ, ಹಂಗೆ. ಹೇಳೋರು ಊರು ತುಂಬ. ಕೂತು ತಿಂದೋನು ಒಬ್ಬನೇ, ಹಾಲ್‌ಬ್ರಿಜ್ ಊರಿನ ಮರ್ವಿನ್ ಟ್ಯಾಪ್‌ಸ್ಕಾಟ್. ಆ ದೇಶದಲ್ಲಿದ್ದಾಗ ಅವನ ಮನೆ ಮುಂದೆ ನಾನು ಬಸ್ಸು ಓಡಿಸಿದ್ದೀನಿ. ನನಗೆ ಹೇಳ್ಬೇಡ.

ಮರ್ವಿನ್ ಕೆಲಸ ದನದ ಸಂತೇಲಿ ಹರಾಜು ಕೂಗೋದು. ಹಾಲ್‌ಬ್ರಿಜ್ ಅಂತ ಹೆಸರಲ್ಲೇ ಹಾಲಿದೆ ನೋಡು, ಊರಿನ ಸುತ್ತ ಜನಕ್ಕಿಂತ ಹಸು ಜಾಸ್ತಿ. ಪ್ರತಿ ಮಂಗಳವಾರ ಅವನು ಕಟ್ಟೆ ಹತ್ತಿ ಬಾಯಿ ತೆಗೆದ ಅಂದ್ರೆ, ಪಕ್ಕದ ಜಿಲ್ಲೇಲಿ ಕೋಳಿಗಳು ಬೆಚ್ಚಿಬಿದ್ದು ಒಂದೇ ಮೊಟ್ಟೇಲಿ ಎರಡು ಹಳದಿ ಲೋಳೆ ಇಡ್ತಿದ್ವು. ಇದನ್ನ ನೀನು ನಂಬದಿದ್ರೂ ಪರವಾಗಿಲ್ಲ. ಮುಂದಿನದನ್ನ ನಂಬು.

ಅಲ್ಲಿ ಕೊಳ್ಳೋರು ಬಾಯಿ ಬಿಡಲ್ಲ. ಕತ್ತು ಒಂದು ಕೂದಲೆಳೆ ಅಲ್ಲಾಡಿಸ್ತಾರೆ, ಅಷ್ಟೆ. ಕೂಗೋನ ಕಣ್ಣಿಗೆ ಅದು ಬಿತ್ತು ಅಂದ್ರೆ, ಸುತ್ತಿಗೆ ಟಕ್ ಅಂತ ಕುಟ್ಟಿ, ಕೊಂಡೋನ ಮನೆತನದ ಹೆಸರು ಒಂದೇ ಒಂದು ಸಲ ಹೇಳ್ತಾನೆ. ಹೆಸರು ಬಿತ್ತು ಅಂದ್ರೆ ದನ ಅವನದ್ದು. ನೊಣ ಓಡಿಸಿದೆ, ಕತ್ತು ಉಳುಕಿತ್ತು, ಇವೆಲ್ಲ ನಡೆಯಲ್ಲ. ಒಂದ್ಸಲ ಊರಿಗೆ ಹೊಸದಾಗಿ ಬಂದ ಪಾದ್ರಿ ಸಂತೆ ನೋಡೋಕೆ ಬಂದು, ಪರಿಚಯದೋರಿಗೆ ಚೆನ್ನಾಗಿದ್ದೀರಾ ಅನ್ನೋ ಥರ ತಲೆ ಆಡಿಸಿ, ಒಂದು ಹೋರಿ ಹೊಡ್ಕೊಂಡು ಮನೆಗೆ ಹೋದ. ಆ ಬೇಸಿಗೆ ಪೂರ್ತಿ ಅದು ಚರ್ಚಿನ ಸಮಾಧಿಗಳ ಮಧ್ಯೆ ಮೇಯ್ತಿತ್ತು. ಮದುವೆ ಹೆಣ್ಣುಗಳು ಬಿಳಿ ಲಂಗ ಎತ್ಕೊಂಡು ಹಿಂದಿನ ಗೋಡೆ ಹಾರಿ ಒಳಗೆ ಹೋಗ್ಬೇಕಾಯ್ತು. ಹೋರೀನ ವಾಪಸ್ ತಗೋ ಅಂತ ಪಾದ್ರೀನೂ ಕೇಳ್ಲಿಲ್ಲ, ತಗೋತೀನಿ ಅಂತ ಮರ್ವಿನ್ನೂ ಅನ್ಲಿಲ್ಲ. ಹೆಸರು ಬಿದ್ದಿತ್ತಲ್ಲ.

ಆಮೇಲೆ ಬಂತು ಯುರೋಪಿನ ರಗಳೆ. ಯುರೋಪ್ ಒಕ್ಕೂಟದಲ್ಲಿ ಇರೋದೋ, ಬಿಡೋದೋ ಅಂತ ದೇಶಕ್ಕೆ ದೇಶಾನೇ ಮತ ಹಾಕ್ತು. ಊರು ಎರಡು ಹೋಳಾಯ್ತು. ಬಿಡೋರು ಒಂದು ಕಡೆ, ಇರೋರು ಒಂದು ಕಡೆ. ಮರ್ವಿನ್ ಬಿಡೋರ ಪೈಕಿ, ಅದರಲ್ಲೂ ಜೋರು ಗಂಟಲಿನೋನು. "ನನ್ನ ಹಸು ಕಿವಿಗೆ ಎಂಥ ಬಿಲ್ಲೆ ಹೊಡೀಬೇಕು ಅಂತ ಬ್ರಸೆಲ್ಸ್‌ನಲ್ಲಿ ಒಕ್ಕೂಟದ ಆಫೀಸಲ್ಲಿ ಕೂತೋನು ಹೇಳ್ತಾನಾ? ಅವನು ಹಸು ನೋಡಿರೋದೇ ಚಾಕೊಲೇಟ್ ಕಾಗದದ ಮೇಲೆ" ಅಂತಿದ್ದ. ಬಿಡೋರು ಗೆದ್ರು. ಗೆದ್ದ ನಾಲ್ಕೇ ದಿನಕ್ಕೆ ಮಂಗಳವಾರದ ಸಂತೆ ಬಂತು.

ಆ ಸಂತೇಲಿ ದನ ನೋಡೋ ಡಾಕ್ಟರು ಸ್ಪೇನ್ ದೇಶದೋನು. ಹೆಸರು ಇನ್ಯಾಕಿ. ನಮ್ಮ ಕಿವಿಗೆ 'ಇನ್ಯಾಕೆ' ಅಂದ ಹಂಗೆ ಕೇಳುತ್ತೆ ಅಲ್ವಾ? ಆ ಊರೋರಿಗೆ ಅದಕ್ಕೂ ನಾಲಿಗೆ ಹೊರಳ್ತಿರಲಿಲ್ಲ. ಎಲ್ಲರೂ ಇಂಕಿ ಅಂತಿದ್ರು. ಸಂತೆ ಕ್ಯಾಂಟೀನಲ್ಲಿ ಅವನಿಗೂ ಒಂದು ಟೀ ಲೋಟ ಮೊಳೆಗೆ ತೂಗುಹಾಕಿ, ಮೇಲೆ 'ಇಂಕಿ' ಅಂತ ಬಣ್ಣದಲ್ಲಿ ಬರೆದಿದ್ರು. ಬರೆದೋನು ಮರ್ವಿನ್ನೇ. ಪ್ರೀತಿಯಿಂದಾನೇ ಬರೆದಿದ್ದ. ಒಂದು ಚಳಿಗಾಲ ಮರ್ವಿನ್ ಅಣ್ಣನ ಹಸು ಕರು ಹಾಕಕ್ಕಾಗದೆ ಒದ್ದಾಡ್ತಿದ್ದಾಗ, ಈ ಇನ್ಯಾಕಿ ಅಂಗಿ ಬಿಚ್ಚಿ ಮಂಜಲ್ಲಿ ಅಡ್ಡಡ್ಡ ಮಲಗಿ ತಾಯಿ ಮಗು ಎರಡನ್ನೂ ಉಳಿಸಿದ್ದ. ಅದನ್ನ ಮರ್ವಿನ್ ಮರೆತಿರಲಿಲ್ಲ. ಮರೆತಿರಲಿಲ್ಲ ಅನ್ನೋದೇ ಆಮೇಲೆ ಅವನನ್ನ ತಿಂದಿದ್ದು.

ಆ ಮಂಗಳವಾರ ಹರಾಜು ಜೋರಾಗಿ ನಡೀತಿತ್ತು, ಎಲ್ಲರ ಮುಖದಲ್ಲೂ ಗೆದ್ದ ಖುಷಿ. ಇನ್ಯಾಕಿ ಒಂದು ಕರುವಿನ ಕಾಲು ನೋಡೋಕೆ ಅಂತ ಅಖಾಡದ ಮಧ್ಯ ಬಂದ. ಕಟ್ಟೆ ಮೇಲಿದ್ದ ಮರ್ವಿನ್‌ಗೆ ನಾಲಿಗೆ ತುರಿಸ್ತು. ಮೈಕಲ್ಲಿ ಶುರು ಹಚ್ಕೊಂಡ: "ನೋಡ್ರಪ್ಪ, ಮುಂದಿನ ಸರಕು. ಸ್ಪೇನ್ ತಳಿ, ಒಳ್ಳೆ ಹಲ್ಲು, ಒದೆಯಲ್ಲ. ಇನ್ಮೇಲೆ ಇಲ್ಲಿ ಮೇವಿಲ್ಲ, ಅದಕ್ಕೇ ಮಾರಾಟಕ್ಕಿದೆ. ಯಾರು ಕೇಳ್ತೀರಿ? ನೀವು? ನೀವಾದ್ರೂ? ಯಾರೂ ಇಲ್ವಾ? ಗಿರಾಕಿ ಇಲ್ಲ. ಬಂದ ಕಡೆಗೇ ವಾಪಸ್ ಕಳಿಸಿ."

ಜನ ಅಖಾಡದ ಸುತ್ತಿದ್ದ ಕಂಬಿ ಕುಟ್ಟಿ ಕುಟ್ಟಿ ನಕ್ರು. ಇನ್ಯಾಕೀನೂ ನಕ್ಕ. ಕರುವಿನ ಕಾಲು ಕೆಳಗಿಟ್ಟು, ಕೈ ಒರೆಸ್ಕೊಂಡು, ನಕ್ಕೊಂಡೇ ಹೋದ. ಅಷ್ಟು ಜನರಲ್ಲಿ ತಮಾಷೆಗಾದ್ರೂ ಒಬ್ಬ ಕತ್ತು ಅಲ್ಲಾಡಿಸಲಿಲ್ಲ. ಅವತ್ತಿಂದ ಅವನು ಕ್ಯಾಂಟೀನಿಗೆ ಟೀಗೆ ಬರಲಿಲ್ಲ. ಮುಂದಿನ ವಸಂತ ಬರೋ ಹೊತ್ತಿಗೆ ಹೆಂಡತಿ ಮಕ್ಕಳನ್ನ ಕಟ್ಕೊಂಡು ತನ್ನ ದೇಶಕ್ಕೆ ಹೊರಟುಹೋದ. ಆ ತಮಾಷೆಯಿಂದ ನೊಂದು ಹೋದ್ನೋ, ಬೇರೆ ಕಾರಣಕ್ಕೋ, ಅವನು ಹೇಳಲಿಲ್ಲ. ಮರ್ವಿನ್ ಕೇಳಲಿಲ್ಲ. ಕೇಳೋಕೆ ಹೋಗ್ಬೇಕು ಅಂತ ಎರಡು ಸಲ ಅವನ ಬೀದಿ ತನಕ ಹೋಗಿ, ತರಕಾರಿ ಅಂಗಡೀಲಿ ಬೇಡದ ಎಲೆಕೋಸು ತಗೊಂಡು ವಾಪಸ್ ಬಂದಿದ್ದ. ಹೆಂಡತಿ ಮೇವಿಸ್, "ನಿನಗೆ ಎಲೆಕೋಸು ಕಂಡ್ರೆ ಆಗಲ್ಲ, ಇದ್ಯಾವ ಹೊಸ ಪ್ರೇಮ?" ಅಂತ ಕೇಳಿದ್ದಳು. ಅವಳು ಬೇಯಿಸಿ ಹಾಕಿದ್ದನ್ನ ಅವನು ಪೂರ್ತಿ ತಿಂದಿದ್ದ.

ಅಲ್ಲ ಕಣಯ್ಯ, ಟೋಪಿ ಎಲ್ಲಿ ಅಂತ ಕೇಳ್ತೀಯಲ್ಲ, ಬರ್ತಾ ಇದೆ, ತಡ್ಕೋ.

ಅದಾಗಿ ಒಂದೆರಡು ವರ್ಷಕ್ಕೆ, ಮರ್ವಿನ್ ಕೆಲಸದಿಂದ ನಿವೃತ್ತಿ ಆಗಿ ಮನೇಲಿದ್ದಾಗ, ಆ ಊರಿನ ಎಂಪಿ ಏನೋ ಎಡವಟ್ಟು ಮಾಡ್ಕೊಂಡು ರಾಜೀನಾಮೆ ಕೊಟ್ಟ. ಏನು ಎಡವಟ್ಟು ಅಂತ ನಾಲ್ಕು ಜನ ನಾಲ್ಕು ಥರ ಹೇಳ್ತಾರೆ, ನಾನು ಹೇಳಿದ್ರೆ ಐದನೇದಾಗುತ್ತೆ, ಬಿಡು. ಉಪಚುನಾವಣೆ ಬಂತು. ಹಾಲ್‌ಬ್ರಿಜ್ ಅಂದ್ರೆ ನೀಲಿ ಪಾರ್ಟಿ. ನೀಲಿ ರಿಬ್ಬನ್ ಹೂವು ಎದೆಗೆ ಚುಚ್ಚಿ ಒಂದು ಹಂದೀನ ನಿಲ್ಸಿದ್ರೂ ಪಾರ್ಲಿಮೆಂಟಿಗೆ ಹೋಗುತ್ತೆ ಅಂತ ನೀಲಿಯೋರೇ ಹೇಳ್ಕೊಂಡು ನಗ್ತಿದ್ರು. ಆದ್ರೆ ಈ ಸಲ ಗಾಳಿ ಬೇರೆ. ಯುರೋಪ್ ಬಿಡ್ತೀವಿ ಬಿಡ್ತೀವಿ ಅಂತ ಇನ್ನೂ ಬಿಟ್ಟಿರಲಿಲ್ಲ. ಯುರೋಪಲ್ಲೇ ಇರೋಣ ಅನ್ನೋರೆಲ್ಲ ತಮ್ಮ ತಮ್ಮ ಪಾರ್ಟಿ ಮರೆತು ಒಟ್ಟಾಗಿ, ಅದನ್ನೇ ಹೇಳ್ತಿದ್ದ ಹಳದಿ ಪಾರ್ಟಿ ಹಿಂದೆ ನಿಂತ್ರು. ಬಿಡೋರು ಒಡೆದು ಎರಡಾದ್ರು. ಅರ್ಧ ಜನ ನೀಲೀಲೇ ಉಳಿದ್ರು, ಸಿಟ್ಟು ಬಂದ ಅರ್ಧ ಜನ ಹೊಸದೊಂದು ಪಾರ್ಟಿ ಕಡೆ ಓಡಿದ್ರು.

ಊರಲ್ಲಿ ನೀಲಿಯೋರದ್ದು ಒಂದು ಕ್ಲಬ್ಬು. ಬಿಲಿಯರ್ಡ್ಸ್ ಮೇಜು, ಬಿಯರು, ಸೀಸೇಲಿ ವಿನಿಗರಲ್ಲಿ ನೆನೆಹಾಕಿದ ಮೊಟ್ಟೆ. ಅಧ್ಯಕ್ಷ ರಾಯ್‌ಸ್ಟನ್, ದೊಡ್ಡ ಜಮೀನುದಾರ, ದೊಡ್ಡ ಹೊಟ್ಟೆ. ಮೂಲೇಲಿ ಎಡ್ಗರ್ ಅಂತ ಒಬ್ಬ ಮೆತ್ತಗಿನ ಮನುಷ್ಯ. ಮೇಷ್ಟ್ರಾಗಿದ್ದು ನಿವೃತ್ತಿ ಆದೋನು. ಯುರೋಪಲ್ಲೇ ಇರೋಣ ಅಂತ ಆ ಕ್ಲಬ್ಬಲ್ಲಿ ಬಹಿರಂಗವಾಗಿ ಹೇಳಿದ್ದೋನು ಅವನೊಬ್ಬನೇ. ಮತದಾನದ ಹಿಂದಿನ ದಿನ ಅವನು ಗ್ಲಾಸಿನೊಳಗೇ ನೋಡ್ತಾ, "ಹಳದಿ ಗೆಲ್ಲಬಹುದು ಅನ್ಸುತ್ತೆ ನನಗೆ" ಅಂದ.

"ನಿನಗೆ ಅನ್ಸೋದಲ್ಲ, ನಿನಗೆ ಆಸೆ" ಅಂದ ರಾಯ್‌ಸ್ಟನ್.

"ಹಳದಿ ಗೆದ್ರೆ ನಾನು ನನ್ನ ಟೋಪೀನೇ ತಿಂತೀನಿ" ಅಂತ ಮರ್ವಿನ್ ಮೇಜು ಕುಟ್ಟಿದ. ಹಳೇ ಚಾಳಿ, ಸುತ್ತಿಗೆ ಕುಟ್ಟಿದ ಹಂಗೆ. ಎಲ್ಲ ಹೋ ಅಂದ್ರು. ಒಬ್ಬ ಎದ್ದು, "ಹೆಸರು ಬಿತ್ತು, ಟ್ಯಾಪ್‌ಸ್ಕಾಟ್" ಅಂತ ಕೂಗಿದ.

ಮಾರನೇ ದಿನ ಮತಗಟ್ಟೆ ಎಲ್ಲಿ ಅಂತೀಯ? ಸಂತೆ ಕ್ಯಾಂಟೀನಲ್ಲೇ. ಅಲ್ಲಿ ಮತಗಟ್ಟೆಗೆ ಜಾಗ ಅಂತ ಒಂದಿಲ್ಲ. ಒಂದೊಂದು ಊರಲ್ಲಿ ಪಬ್ಬು, ಒಂದೊಂದು ಊರಲ್ಲಿ ಕ್ಷೌರದಂಗಡಿ. ಮರ್ವಿನ್ ಟೋಪಿ ತೆಗೆದು, ಕಾಗದ ಇಸ್ಕೊಂಡು, ಹಲಗೆ ಮರೇಲಿ ನಿಂತ. ದಾರ ಕಟ್ಟಿದ ಪೆನ್ಸಿಲ್ ಕೈಗೆತ್ಕೊಂಡ. ತಲೆ ಎತ್ತಿದ್ರೆ ಕಣ್ಣೆದುರಿಗೇ ಗೋಡೆ ಮೊಳೆಗಳು, ಲೋಟಗಳು. ಮೂರನೇ ಮೊಳೇಲಿ 'ಇಂಕಿ'. ಯಾರೂ ತೆಗೆದಿರಲಿಲ್ಲ. ಒಳಗೆ ಜೇಡ ಮನೆ ಕಟ್ಟಿತ್ತು. ಅಕ್ಷರ ತಾನೇ ಬರೆದಿದ್ದು, ಕೊನೇ ಅಕ್ಷರ ಜಾಗ ಸಾಲದೆ ಬಾಗಿತ್ತು.

ಮುಖ ಕಾದುಹೋಯ್ತು ಅವನಿಗೆ. ಅಲ್ಲಿ ಯಾರೂ ನೋಡ್ತಿರಲಿಲ್ಲ, ಆದ್ರೂ. ಆ ಮೈಕು, ಆ ನಗು, ಕರುವಿನ ಕಾಲನ್ನ ಅಷ್ಟು ಮೆತ್ತಗೆ ಕೆಳಗಿಟ್ಟ ಆ ಕೈ. ಪೆನ್ಸಿಲ್ ಹೋಗಿ ಹಳದಿ ಮುಂದೆ ಗೀಟು ಎಳೀತು. ಅಡ್ಡ ಒಂದು, ಉದ್ದ ಒಂದು, ಅಲ್ಲಿ ಮತ ಹಾಕೋದು ಹಂಗೇ. ಕಾಗದ ಮಡಚಿ ಡಬ್ಬಿಗೆ ಹಾಕಿ, ಹೊರಗೆ ಬಂದು, ಬಾಗಿಲಲ್ಲಿ ನೀಲಿ ರಿಬ್ಬನ್ ಚುಚ್ಕೊಂಡು ನಿಂತಿದ್ದ ರಾಯ್‌ಸ್ಟನ್ ಬೆನ್ನು ತಟ್ಟಿ ಹೋದ. ದಾರೀಲಿ ಮನಸ್ಸು ಹಗುರಾದ ಹಂಗೆ ಅನ್ನಿಸ್ತು. ತಪ್ಪಾಯ್ತು ಅಂತ ಹೇಳಿದ ಹಂಗಾಯ್ತು. ಯಾರಿಗೆ ಹೇಳಿದ್ದು? ಡಬ್ಬಿಗೆ. ಖರ್ಚಿಲ್ಲ, ಮುಜುಗರ ಇಲ್ಲ. ನೀಲಿ ಹೆಂಗೂ ಗೆಲ್ಲುತ್ತೆ, ತನ್ನದೊಂದು ಮತ ಸಮುದ್ರಕ್ಕೆ ಉಗುಳಿದ ಹಂಗೆ ಅಂದ್ಕೊಂಡ.

ಬೆಳಿಗ್ಗೆ ಮೊಟ್ಟೆ ಒಡೀತಿದ್ದಾಗ ರೇಡಿಯೋ ಹೇಳ್ತು. ಹಳದಿ ಗೆದ್ದಿದೆ. ಗೆದ್ದಿರೋದೂ ಒಂದು ಬಸ್ಸಲ್ಲಿ ತುಂಬೋ ಅಷ್ಟು ಮತದ ಅಂತರದಲ್ಲಿ. ಎಷ್ಟು ಬಸ್ಸು ಅಂತ ನನ್ನ ಕೇಳು, ನಾನು ಓಡಿಸಿದೋನು, ನಿಂತೋರನ್ನೂ ಸೇರಿಸಿದ್ರೆ ಒಂದೇ. ಮರ್ವಿನ್ ಕೈಲಿದ್ದ ಚಮಚ ಮೊಟ್ಟೆಯೊಳಗೇ ನಿಂತುಬಿಡ್ತು. ಮೇವಿಸ್ ಅವನ ಮುಖ ನೋಡಿ, ಗೂಟದಲ್ಲಿದ್ದ ಟೋಪಿ ನೋಡಿ, "ಒಗೆದು ಕೊಡ್ಲಾ, ಹಂಗೇ ತಿಂತೀಯಾ?" ಅಂದಳು.

ಅವತ್ತು ಸಂಜೆ ಕ್ಲಬ್ಬಲ್ಲಿ ಸೂತಕ. ರಾಯ್‌ಸ್ಟನ್ ಮುಖ ಬೀಟ್ರೂಟ್ ಆಗಿತ್ತು. "ಹೊರಗಿನೋರು ಸೋಲಿಸಿದ್ರೆ ಸಹಿಸ್ತೀನಿ. ನಮ್ಮ ಬಿಯರ್ ಕುಡಿದು ಹಳದಿಗೆ ಹಾಕಿದೋನು ಇಲ್ಲೇ ಇದ್ದಾನೆ" ಅಂದ. ಎಲ್ಲರ ಕಣ್ಣು ಎಡ್ಗರ್ ಕಡೆ ಹೋಯ್ತು.

"ನಾನು ನೀಲಿಗೇ ಹಾಕಿದ್ದು" ಅಂದ ಎಡ್ಗರ್. "ಯುರೋಪ್ ವಿಚಾರ ಬೇರೆ. ನಮ್ಮಪ್ಪನ ಕಾಲದಿಂದ ನೀಲಿಗೇ."

"ಹೌದೌದು. ಮೊನ್ನೆ ಭವಿಷ್ಯ ಹೇಳಿದೋನು ನೀನೇ ಅಲ್ವಾ, ಮೇಷ್ಟ್ರೇ? ಉತ್ತರ ನೀನೇ ಬರೆದು ನೀನೇ ಮಾರ್ಕ್ಸ್ ಹಾಕ್ಕೊಂಡೆ" ಅಂದ ರಾಯ್‌ಸ್ಟನ್.

ಮರ್ವಿನ್ ಪಕ್ಕದ ಕುರ್ಚೀಲೇ ಕೂತಿದ್ದ. ಬಾಯಿ ತೆಗೆಯೋಕೆ ನೋಡಿದ. ಪಕ್ಕದ ಜಿಲ್ಲೆ ಕೋಳಿ ಎಬ್ಬಿಸ್ತಿದ್ದ ಗಂಟಲಿಂದ ಸಣ್ಣ ಕೆಮ್ಮು ಬಂತು. ಬಿಯರ್ ಕುಡಿದ. ಇನ್ನೊಂದು ತರಿಸಿದ.

ಹಂಗೇ ಎರಡು ವಾರ. ಎಡ್ಗರ್‌ನ ಬಿಲಿಯರ್ಡ್ಸ್ ತಂಡದಿಂದ ತೆಗೆದ್ರು. ಅವನು ಕುಡಿಸ್ತೀನಿ ಅಂದ್ರೆ ಯಾರಿಗೂ ಬಾಯಾರಿಕೆ ಇಲ್ಲ. ಅವನ ಕೋಟಿನ ಜೇಬಿಗೆ ಯಾರೋ ಬಾಳೆಹಣ್ಣಿನ ಸಿಪ್ಪೆ ಹಾಕಿದ್ರು, ಹಳದಿ ಅಂತ. ಎಡ್ಗರ್ ಅದನ್ನ ತೆಗೆದು, ಮಡಚಿ, ಕಸದ ಬುಟ್ಟಿಗೆ ಹಾಕಿ, ತನ್ನ ಜಾಗದಲ್ಲೇ ಬಂದು ಕೂತ. ಕ್ಲಬ್ಬಿಗೆ ಬರೋದು ಬಿಡಲಿಲ್ಲ. ಬಿಟ್ಟಿದ್ರೆ ಮರ್ವಿನ್‌ಗೆ ಎಷ್ಟೋ ಸುಲಭ ಆಗ್ತಿತ್ತು. ದಿನಾ ಸಂಜೆ ಪಕ್ಕದಲ್ಲಿ ಕೂತು, "ಹೆಂಗಿದ್ದೀಯ ಮರ್ವಿನ್" ಅಂತಿದ್ದ. "ಚೆನ್ನಾಗಿದ್ದೀನಿ" ಅಂತ ಮರ್ವಿನ್ ಮೇಜಿಗೆ ಹೇಳ್ತಿದ್ದ. ಎಡ್ಗರ್ ಹೇಳ್ತಿರೋದು ನಿಜ ಅಂತ ಅವನಿಗೆ ಅನುಮಾನವೇ ಇರಲಿಲ್ಲ. ಆದ್ರೆ ಬಾಯಿ ಬಿಟ್ರೆ ತಾನು ಏನಾಗ್ತೀನಿ? ಟೋಪಿ ತಿಂತೀನಿ ಅಂತ ಕುಟ್ಟಿ, ಮಾರನೇ ದಿನ ಹೋಗಿ ಹಳದಿಗೆ ಹಾಕಿದೋನು. ಮಾತಿನ ಮೇಲೆ ಬದುಕಿದ ಮನುಷ್ಯ, ಇನ್ನು ಯಾರು ಅವನ ಮಾತಿಗೆ ಬೆಲೆ ಕೊಡ್ತಾರೆ? ಬೆಳಿಗ್ಗೆ ಕನ್ನಡಿ ಮುಂದೆ ಗಡ್ಡ ಕೆರೆಯುವಾಗ ಕೆಳಗಿನ ಅರ್ಧ ಮುಖ ಮಾತ್ರ ನೋಡ್ಕೋತಿದ್ದ.

ಟೋಪಿ ತಿನ್ನೋದು ಒಂದು ಶನಿವಾರ ಮಧ್ಯಾಹ್ನ ಅಂತ ನಿಗದಿ ಆಯ್ತು. ಸೋಲಿನ ದುಃಖ ಮರೆಸೋಕೆ ಕ್ಲಬ್ಬಿಗೆ ಒಂದು ಜಾತ್ರೆ ಬೇಕಿತ್ತು. ಮೇವಿಸ್ ಟೋಪೀನ ಒಗೆದು, ಕುದಿಸಿ, ಬೆಣ್ಣೇಲಿ ಬಾಡಿಸಿ ಕಳಿಸಿದ್ದಳು. ಅದು ಕುಗ್ಗಿ ಸಣ್ಣ ಕೂಸಿನ ಟೋಪಿ ಆಗಿತ್ತು, ಒದ್ದೆ ಕುರಿ ವಾಸನೆ. ಬಿಳಿ ಬಟ್ಟೆ ಹಾಸಿದ ಮೇಜು, ಪಿಂಗಾಣಿ ತಟ್ಟೆ, ಸುತ್ತ ಜನ. ಮರ್ವಿನ್ ಕೊರಳಿಗೆ ಕರವಸ್ತ್ರ ಕಟ್ಟಿ ಕೂರಿಸಿದ್ರು.

"ಸಾಸಿವೆ ಎಲ್ಲಿ?" ಅಂದ ರಾಯ್‌ಸ್ಟನ್. "ಎಡ್ಗರ್, ನೀನು ತಾ. ಹಳದಿ ಅಂದ್ರೆ ನಿನಗೆ ಜೀವ ಅಲ್ವಾ?"

ಎಡ್ಗರ್ ಸಾಸಿವೆ ಸೀಸೆ ತಂದು ಮೇಜಿನ ಪಕ್ಕ ನಿಂತ. ಜನ ನಕ್ರು. ನಗು ಕೇಳಿ ರಾಯ್‌ಸ್ಟನ್‌ಗೆ ಹುರುಪು ಬಂತು. ಒಂದು ಕುರ್ಚಿ ಹತ್ತಿ, ಮರ್ವಿನ್ ಗಂಟಲನ್ನೇ ಅನುಕರಣೆ ಮಾಡ್ತಾ ಕೂಗಿದ. ಸಂತೇಲಿ ಅವತ್ತು ಕಂಬಿ ಕುಟ್ಟಿ ನಕ್ಕಿದ್ದೋರಲ್ಲಿ ಅವನೂ ಒಬ್ಬ, ಮಾತು ಮಾತು ನೆನಪಿತ್ತು. "ನೋಡ್ರಪ್ಪ, ಮುಂದಿನ ಸರಕು. ಮೇಷ್ಟ್ರ ತಳಿ, ಹಲ್ಲು ಅಷ್ಟಕ್ಕಷ್ಟೆ. ಹಳದಿ ಮತ ಹಾಕಿದ ಪ್ರಾಣಿ. ಇನ್ಮೇಲೆ ಇಲ್ಲಿ ಮೇವಿಲ್ಲ. ಯಾರು ಕೇಳ್ತೀರಿ? ನೀವು? ನೀವಾದ್ರೂ? ಯಾರೂ ಇಲ್ವಾ?"

ಎಡ್ಗರ್ ನಕ್ಕ. ಸಾಸಿವೆ ಸೀಸೇನ ಮೇಜಿನ ಮೇಲೆ ಮೆತ್ತಗೆ ಕೆಳಗಿಟ್ಟ. ಎಷ್ಟು ಮೆತ್ತಗೆ ಅಂದ್ರೆ ಸದ್ದೇ ಆಗಲಿಲ್ಲ.

ಮರ್ವಿನ್ ಕತ್ತು ಅಲ್ಲಾಡಿಸಿದ. ಒಂದು ಕೂದಲೆಳೆ.

ಅಲ್ಲಿದ್ದೋರೆಲ್ಲ ಸಂತೇಲಿ ಬೆಳೆದೋರು, ಎಲ್ಲರಿಗೂ ಕಂಡಿತು. ರಾಯ್‌ಸ್ಟನ್‌ಗೂ ಕಂಡಿತು. "ಓ, ನಮ್ಮ ಮರ್ವಿನ್ ಕೊಂಡ್ಕೊಂಡ. ದೊಡ್ಡ ಮನಸ್ಸಪ್ಪ, ಬಡಪಾಯೀನ ಕಾಪಾಡ್ತಿದ್ದಾನೆ" ಅಂದ. ಜನ ಚಪ್ಪಾಳೆ ತಟ್ಟಿದ್ರು. ಯಾರೋ ಮರ್ವಿನ್ ಭುಜ ಹಿಸುಕಿದ್ರು. ಒಬ್ಬ, "ಅಪ್ಪಟ ಮನುಷ್ಯ ಇವನು" ಅಂದ. ಬೈಸ್ಕೊಂಡಿದ್ರೂ ಅವನಿಗೆ ಅಷ್ಟು ನಾಚಿಕೆ ಆಗ್ತಿರಲಿಲ್ಲ ಕಣಯ್ಯ. ಕಿವಿ ತುದಿ ತನಕ ಕೆಂಪಾದ.

ಚಾಕು ತಿರುಗಿಸಿ ಹಿಡಿದು, ಹಿಡೀಲಿ ಮೇಜಿನ ಮೇಲೆ ಟಕ್ ಅಂತ ಕುಟ್ಟಿದ.

"ಹಳದಿ ಮತ" ಅಂದ. ಆಮೇಲೆ ಕಟ್ಟೆ ಮೇಲೆ ಹೇಳ್ತಿದ್ದ ಥರ, ಒಂದೇ ಸಲ: "ಟ್ಯಾಪ್‌ಸ್ಕಾಟ್."

ಯಾರೂ ನಗಲಿಲ್ಲ. ಹೆಸರು ಬಿದ್ದ ಮೇಲೆ ತಮಾಷೆ ಇಲ್ಲ ಅಂತ ಅವರಿಗೆಲ್ಲ ಗೊತ್ತು. ರಾಯ್‌ಸ್ಟನ್ ಕುರ್ಚಿಯಿಂದ ಇಳಿದ. "ನೀನಾ? ಟೋಪಿ ತಿಂತೀನಿ ಅಂದೋನು ನಮಗೇ ಹಾಕಿದ್ಯಾ ಟೋಪಿನ?"

"ಹೌದು."

"ಯಾಕೋ?"

ಮರ್ವಿನ್‌ಗೆ ಲೋಟ ಅಂತ ಹೇಳ್ಬೇಕು ಅನ್ನಿಸ್ತು. ಹೇಳಿದ್ರೆ ಅದೂ ಒಂದು ನೆಪ ಆಗುತ್ತೆ. ಟೋಪಿಯ ಒಂದು ತುಂಡು ಕುಯ್ದು ಬಾಯಿಗೆ ಹಾಕ್ಕೊಂಡ. ಅಗೀತಾ ಕೂತ. ಜನ ಒಬ್ಬೊಬ್ಬರೇ ಗ್ಲಾಸ್ ಎತ್ಕೊಂಡು ಆ ಕಡೆ ಕೋಣೆಗೆ ಹೋದ್ರು. ಭುಜ ಹಿಸುಕಿದ್ದೋನು ಕೈ ಪ್ಯಾಂಟಿಗೆ ಒರೆಸ್ಕೊಂಡು ಹೋದ. ಉಳಿದಿದ್ದು ಎಡ್ಗರ್. ಎದುರಿಗೆ ಕುರ್ಚಿ ಎಳ್ಕೊಂಡು ಕೂತ.

"ಎರಡು ವಾರ, ಮರ್ವಿನ್. ಪಕ್ಕದಲ್ಲೇ ಇದ್ದೆ ನೀನು."

ಮರ್ವಿನ್ ತಲೆ ಆಡಿಸಿದ.

"ನನಗೆ ಆ ಸಿಪ್ಪೆ ಬಗ್ಗೆ ಬೇಜಾರಿಲ್ಲ. ದಿನಾ ಹೆಂಗಿದ್ದೀಯ ಅಂತ ಕೇಳಿದ್ನಲ್ಲ, ಅದಕ್ಕಾದ್ರೂ ಒಂದು ದಿನ ಮುಖ ನೋಡಿ ಉತ್ತರ ಕೊಡಬಹುದಿತ್ತು."

"ಕೊಡಬಹುದಿತ್ತು" ಅಂದ ಮರ್ವಿನ್. ಬಾಯಿ ತುಂಬ ಉಣ್ಣೆ, ಸರಿಯಾಗಿ ಕೇಳಲಿಲ್ಲ. ಸ್ವಲ್ಪ ಹೊತ್ತು ಅಗಿದು, "ಇಂಕಿ ಲೋಟ ಇನ್ನೂ ಅಲ್ಲೇ ನೇತಾಡ್ತಾ ಇದೆ, ಎಡ್ಗರ್" ಅಂದ.

ಎಡ್ಗರ್ ಅವನನ್ನೇ ನೋಡಿದ. ಅವತ್ತು ಕಂಬಿ ಹತ್ರ ಎಡ್ಗರ್ರೂ ಇದ್ದ. ಅವನೂ ಕತ್ತು ಅಲ್ಲಾಡಿಸಿರಲಿಲ್ಲ.

"ಅವನ ಹೆಸರು ಇಂಕಿ ಅಲ್ಲ" ಅಂದ ಎಡ್ಗರ್. "ಅವನು ಹೊರಡೋ ಮುಂಚೆ ನಾನು ಕೇಳಿ ಕಲಿತೆ. ಅಷ್ಟೇ ನಾನು ಮಾಡಿದ್ದು. ಇನ್ಯಾಕಿ. ಹೇಳು."

"ಇಂ..." ಅಂದ ಮರ್ವಿನ್. ಉಣ್ಣೆ ಎಳೆ ಹಲ್ಲಿಗೆ ಸಿಕ್ಕೊಂಡಿತ್ತು.

"ಇಂ ಅಲ್ಲ. ಇನ್. ಯಾ. ಕಿ."

"ಇನ್... ಯಾಕಿ."

"ಇನ್ನೊಂದು ಸಲ. ಎದುರಿಗೆ ಸಿಕ್ಕಾಗ ಹೇಳೋ ಥರ ಹೇಳು."

ಕಟ್ಟೆ ಮೇಲೆ ಸಾವಿರಾರು ಹೆಸರು ತಡವರಿಸದೆ ಕೂಗಿದ್ದ ಮನುಷ್ಯ, ಕೊರಳಿಗೆ ಕರವಸ್ತ್ರ ಕಟ್ಕೊಂಡು, ಒಂದು ಹೆಸರು ಹೇಳೋಕೆ ಕೂಸಿನ ಥರ ಬಾಯಿ ಆಡಿಸ್ತಿದ್ದ. ಕಣ್ಣಲ್ಲಿ ನೀರು ಬಂತು. ಸಾಸಿವೆ ಖಾರ ಅಂದ. ಸಾಸಿವೆ ಸೀಸೆ ಮುಚ್ಚಳ ಇನ್ನೂ ತೆಗೆದೇ ಇರಲಿಲ್ಲ.

ಏನಂದೆ? ಮೊದಲು ಸಾಸಿವೆ ಹಚ್ಕೊಂಡು ತಿಂದ ಅಂದೆ ನಾನು? ಅಯ್ಯೋ, ಅಂದಿರಬಹುದು, ಒಂದು ಚೂರು ಸಾಸಿವೆ ಬಿಟ್ಟುಕೊಡೋ ನನಗೆ. ಎಷ್ಟು ನುಂಗಿದ ಅಂತ ಕೇಳು, ಅದು ಕೇಳೋ ಮಾತು. ನಾನು ಖುದ್ದು ಕೇಳಿದ್ದೀನಿ ಅವನನ್ನ, ಬಸ್ಸಲ್ಲಿ, ನನ್ನ ಹಿಂದಿನ ಸೀಟಲ್ಲಿ ಕೂತಿದ್ದಾಗ. ಅವನು ಏನಂದ ಗೊತ್ತಾ, ಒಂದು ಚೂರು ಹತ್ರ ಬಾ...

"ರೀ, ತಟ್ಟೆ ಹಾಕಿ ಎಷ್ಟು ಹೊತ್ತಾಯ್ತು. ಸಾರು ಆರಿಹೋಗ್ತಿದೆ, ಏಳ್ತೀರೋ ಇಲ್ವೋ?"

ಬಂದೆ ಕಣೇ, ಬಂದೆ.